ಬಾಗಿಲ ಮೇಲಿನ ಬಿಳಿ ಚೌಕ

ನನ್ನ ಕನ್ನಡಕದ ಬಲಗಡ್ಡಿಯ ಮೇಲೆ ಸಾಸಿವೆ ಕಾಳಿಗಿಂತ ಚೂರು ದೊಡ್ಡದಾದ ಒಂದು ನೀಲಿ ಹನಿ ಇದೆ. ಮೊನ್ನೆ ಕನ್ನಡಕ ಮೂಗಿನಿಂದ ಜಾರುತ್ತಿದೆಯೆಂದು ಅಂಗಡಿಗೆ ಹೋಗಿದ್ದೆ. ಅಂಗಡಿಯವನು ತಿರುಪು ಬಿಗಿ ಮಾಡಿ, ಕೇಳದಿದ್ದರೂ ಒಂದು ಉಪಕಾರ ಮಾಡೋಣವೆಂದು ಬ್ಲೇಡು ತೆಗೆದು ಆ ಹನಿಯನ್ನು ಕೆರೆಯಲು ಹೊರಟ. "ಏಯ್, ಮುಟ್ಟಬ್ಯಾಡ!" ಎಂದು ನಾನು ಕೂಗಿದ ರಭಸಕ್ಕೆ ಪಕ್ಕದಲ್ಲಿ ಕಣ್ಣಿನ ಪರೀಕ್ಷೆಗೆ ಕುಳಿತಿದ್ದ ಹಿರಿಯರೊಬ್ಬರು ಓದುತ್ತಿದ್ದ ಅಕ್ಷರವನ್ನೇ ಮರೆತರು. ತಪ್ಪು ನನ್ನದಲ್ಲ, ಗಂಟಲಿನದು. ಹೈಸ್ಕೂಲು ಹುಡುಗರಿಗೆ ಹಿಂದಿ ಕಲಿಸಿ ಕಲಿಸಿ ಅದಕ್ಕೆ ಮೆಲ್ಲಗೆ ಮಾತಾಡುವುದು ಮರೆತುಹೋಗಿದೆ.

"ಬಣ್ಣಾ ಹತ್ತೇತ್ರಿ ಅಕ್ಕೋರ, ತಗದ ಕೊಡತೇನಿ" ಎಂದ ಪಾಪ ಅವನು. ನಮ್ಮ ಕಡೆ ಹೆಣ್ಣುಮಕ್ಕಳು ಶಿಕ್ಷಕಿಯಾದರೆ ಊರಿಗೆಲ್ಲ ಅಕ್ಕೋರೇ.

"ಹತ್ತಿರಲಿ ಬಿಡಪಾ. ಅದು ನಮ್ಮನಿ ಬಣ್ಣಾ" ಎಂದು ಕನ್ನಡಕ ಕಸಿದುಕೊಂಡು ಬಂದೆ. ಅವನು ನನ್ನನ್ನು ಅರೆಹುಚ್ಚಿ ಎಂದುಕೊಂಡಿರಬೇಕು. ಆ ಹನಿ ಎಲ್ಲಿಂದ ಬಿತ್ತು ಎಂಬುದನ್ನು ನಿಮಗಾದರೂ ಹೇಳಿಬಿಡುತ್ತೇನೆ, ನೀವೂ ಹಾಗೆ ಅಂದುಕೊಳ್ಳುವುದು ಬೇಡ.

ನಾನು ಹುಟ್ಟಿದ್ದು ಸಂಪಗಾಂವದಲ್ಲಿ. ನಮ್ಮ ಮನೆಗೆ ಬಣ್ಣ ಎಂಬುದೇ ಇರಲಿಲ್ಲ, ಇದ್ದದ್ದು ಸುಣ್ಣ. ದಸರೆ ಹತ್ತಿರ ಬಂದಿತೆಂದರೆ ಅಪ್ಪ ಹಿತ್ತಲಲ್ಲಿ ಒಡಕು ಹರವಿಯಲ್ಲಿ ಸುಣ್ಣದ ಹರಳು ಹಾಕಿ ನೀರು ಸುರಿಯುತ್ತಿದ್ದ. ಬೆಂಕಿಯೇ ಇಲ್ಲದೆ ನೀರು ಕೊತಕೊತ ಕುದಿಯುವುದನ್ನು ನಾವು ದೂರ ನಿಂತು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆವು. ಅವ್ವ ಅದಕ್ಕೆ ಒಂದು ಚಿಟಿಕೆ ನೀಲಿ ಹಾಕುತ್ತಿದ್ದಳು. ನಮ್ಮ ಮನೆಯ ಬಣ್ಣದ ವೈಭವವೆಲ್ಲ ಆ ಚಿಟಿಕೆಯಲ್ಲಿ ಮುಗಿಯುತ್ತಿತ್ತು. ಕೆಳಗೆ ಮೊಣಕಾಲೆತ್ತರಕ್ಕೆ ಕೆಮ್ಮಣ್ಣಿನ ಪಟ್ಟಿ. ಗೋಡೆಗೆ ಒರಗಿದರೆ ಬೆನ್ನು ಬೆಳ್ಳಗೆ. ಸಾಲೆಯಲ್ಲಿ ನಮ್ಮ ಗುರುಗಳು ಮಕ್ಕಳ ಬೆನ್ನು ನೋಡಿಯೇ ಯಾರ ಮನೆಗೆ ಸುಣ್ಣವಾಗಿದೆ, ಯಾರ ಅಪ್ಪ ಇನ್ನೂ ಮೈಗಳ್ಳತನ ಮಾಡುತ್ತಿದ್ದಾನೆ ಎಂದು ಹೇಳಿಬಿಡುತ್ತಿದ್ದರು.

ಖರೇ ಬಣ್ಣ ಗೋಡೆಗೆ ಬರುತ್ತಿದ್ದದ್ದು ಲಗ್ನಕ್ಕೆ ಮಾತ್ರ. ಇದು ನಮ್ಮ ಕಡೆಯ ರೂಢಿ. ಬೇಸಿಗೆಯಲ್ಲಿ ಯಾರದಾದರೂ ಮನೆಯ ಮುಂದೆ ನಿಚ್ಚಣಿಕೆ ಕಂಡಿತೆಂದರೆ, ಬಣ್ಣದ ಡಬ್ಬಿ ಕಂಡಿತೆಂದರೆ, ಇಡೀ ಓಣಿ ಸೀರೆ ಆರಿಸಲು ಶುರುಮಾಡುತ್ತದೆ. ಹೊರಗೋಡೆಗೆ ಆನೆ, ಬಾಳೆಗಿಡ, ಕಳಸ. ಬಾಗಿಲ ಮೇಲೆ ಒಂದು ಬಿಳಿ ಚೌಕ, ಅದರಲ್ಲಿ ಕೆಂಪು ಅಕ್ಷರಗಳಲ್ಲಿ ಹುಡುಗ, ಹುಡುಗಿಯ ಹೆಸರು. ಲಗ್ನವಾಗಿ ಮಕ್ಕಳು ಸಾಲೆಗೆ ಹೋಗುವಾಗಲೂ ಆ ಹೆಸರು ಅಲ್ಲೇ ಇರುತ್ತದೆ. ಮಳೆ ಅಳಿಸಬೇಕೇ ಹೊರತು ಮನುಷ್ಯರು ಅಳಿಸುವುದಿಲ್ಲ.

ನಮ್ಮ ಅಣ್ಣನ ಲಗ್ನದಲ್ಲಿ ನಾನಿನ್ನೂ ಪರಕಾರ ಹಾಕುವ ಸಣ್ಣ ಹುಡುಗಿ. ಚೌಕದ ಎರಡೂ ಕಡೆ ಒಂದೊಂದು ಗಿಳಿ ಬರೆದಿದ್ದರು. ಕೆಂಪು ಕೊಕ್ಕು, ಕತ್ತಿಗೆ ಕಪ್ಪು ಸರ, ಒಂದು ಕಣ್ಣಿನಿಂದ ನನ್ನನ್ನೇ ನೋಡುತ್ತಿದ್ದವು. ನಾನು ಅಪ್ಪನ ದೋತರದ ಚುಂಗು ಹಿಡಿದು, ನನಗೂ ಒಂದು ಗಿಳಿ ಬೇಕು, ನಾನು ಮಲಗುವ ಗೋಡೆಗೆ ಬೇಕು, ಈಗಲೇ ಬೇಕು ಎಂದು ಹಠ ಹಿಡಿದೆ. ಬೀಗರೆಲ್ಲ ಬಂದು ಕುಳಿತ ಹೊತ್ತು. ಅಪ್ಪ ಬಿಡಿಸಿಕೊಳ್ಳಲು, "ನಿನ್ನ ಲಗ್ನದಾಗ ಬರಸೋಣ ತಗೋ. ಒಂದಲ್ಲ, ಎರಡ ಬರಸೋಣ" ಎಂದ. ಅರಿಷಿಣ ಹಚ್ಚಿಕೊಂಡು ಮಣೆಯ ಮೇಲೆ ಕುಳಿತಿದ್ದ ಅಣ್ಣ ನಕ್ಕು, "ನಾಕ ಬರಸು ಅಪ್ಪಾ, ಎರಡಕ್ಕ ಒಪ್ಪೂ ಹುಡಿಗಿ ಅಲ್ಲ ಇಕಿ" ಎಂದ. ನಾನು ನಾಲ್ಕಕ್ಕೆ ಒಪ್ಪಿ ಚುಂಗು ಬಿಟ್ಟೆ.

ನನ್ನ ಲಗ್ನ ಆಗಲಿಲ್ಲ. ಯಾಕೆ ಎಂಬುದರ ಹಿಂದೆ ಏನೋ ದೊಡ್ಡ ಕಥೆ ಇದೆ ಎಂದು ನೀವು ಕಿವಿ ನಿಮಿರಿಸಿದ್ದರೆ ಇಳಿಸಿಬಿಡಿ. ನೋಡಲು ಬಂದವರು ಬಂದರು, ಉಪ್ಪಿಟ್ಟು ತಿಂದರು, ಹೋದರು. ಕೆಲವರನ್ನು ನಾನು ಬೇಡವೆಂದೆ, ಕೆಲವರು ನನ್ನನ್ನು ಬೇಡವೆಂದರು. ನಡುವೆ ನೌಕರಿ ಬಂತು, ಅವ್ವ ಹಾಸಿಗೆ ಹಿಡಿದಳು, ಅಪ್ಪ ಹೋದ. ಒಂದು ದಿನ ನೋಡಿದರೆ, ನೋಡಲು ಬರುವವರು ನಿಂತುಹೋಗಿದ್ದರು, ರವೆ ಉಳಿಯತೊಡಗಿತ್ತು. ನನಗೇನೂ ಅಷ್ಟು ದುಃಖವಾಗಲಿಲ್ಲ. ಗಿಳಿಯ ಮಾತು ಮಾತ್ರ ಆಗೀಗ ನೆನಪಾಗುತ್ತಿತ್ತು.

ಆಮೇಲೆ ನಾನು ಇದ್ದದ್ದು ಬೈಲಹೊಂಗಲದಲ್ಲಿ, ಅಣ್ಣನ ಮನೆಯಲ್ಲಿ. ಅಣ್ಣ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಜಗಳವಾದರೂ ಸಸಾರವಾಗುತ್ತಿತ್ತು. ಮಾಳಿಗೆಯ ಮೇಲೆ ನನಗೆಂದೇ ಕೋಣೆ ಕಟ್ಟಿಸಿದ, ಫ್ಯಾನು ಹಾಕಿಸಿದ. ಗೋಡೆಗೆ ಮಾತ್ರ ಬಿಸ್ಕೀಟಿನ ಬಣ್ಣ. ಇಡೀ ಮನೆಗೆ ಅದೇ. "ಹೊಲಸ ಆದ್ರ ಕಾಣೂದಿಲ್ಲ" ಎಂಬುದು ಅವನ ತತ್ವ. ನಾನು ಒಮ್ಮೆ ಹಳದಿ ಎಂದು ಬಾಯಿಬಿಟ್ಟಿದ್ದಕ್ಕೆ, "ಮನೀಗೆ ಏನ ಕಾಮಾಲಿ ಆಗೇತಿ?" ಎಂದು ಕೇಳಿದ. ಅವನ ಹೆಂಡತಿ, ನನ್ನ ವೈನಿ, ಮುಸಿಮುಸಿ ನಕ್ಕಳು. ನಾನೂ ನಕ್ಕು, ಬಿಸ್ಕೀಟಿನೊಳಗೇ ಉಳಿದೆ.

ಐವತ್ತಕ್ಕೆ ಬಂದಾಗ ನನಗೆ ರಾಮದುರ್ಗಕ್ಕೆ ವರ್ಗವಾಯಿತು. ಅಣ್ಣ ವರ್ಗ ರದ್ದು ಮಾಡಿಸಲು ಯಾರಯಾರಿಗೋ ಫೋನು ಮಾಡುತ್ತ ಕುಳಿತ. ಅವನ ಫೋನು ಮುಗಿಯುವುದರೊಳಗೆ ನಾನು ಬಸ್ಸು ಹತ್ತಿ ಬಂದು ಹಾಜರಾಗಿ, ಮನೆಯನ್ನೂ ನೋಡಿಬಿಟ್ಟಿದ್ದೆ. ನೋಡಿದ್ದು ಹೆಚ್ಚೇನಲ್ಲ, ಒಂದು ಹಳೆಯ ವಾಡೆಯ ಮಾಳಿಗೆ ಮೇಲಿನ ಎರಡು ಕೋಣೆ. ಸಂಸ್ಥಾನದ ಕಾಲದಲ್ಲಿ ಕಾರಭಾರಿಯೊಬ್ಬರು ಕುಳಿತು ಜನರ ಅರ್ಜಿ ಕೇಳುತ್ತಿದ್ದ ಕಚೇರಿಯಂತೆ ಅದು. ಈಗ ಅವರ ಮರಿಮಗ ಬಾಪೂಸಾಹೇಬರು ವಾಡೆಯನ್ನು ತುಂಡು ತುಂಡು ಮಾಡಿ ಬಾಡಿಗೆಗೆ ಕೊಟ್ಟು, ಕೆಳಗೆ ತಮ್ಮ ತುಂಬಿದ ಸಂಸಾರದೊಂದಿಗೆ ಇದ್ದಾರೆ. ಮೆಟ್ಟಿಲು ಕಡಿದು, ಬಾಗಿಲು ಗಿಡ್ಡ. ತಲೆ ಬಗ್ಗಿಸದೆ ಒಳಗೆ ಬಂದವರ ಹಣೆಯ ಮೇಲೆ ಇತಿಹಾಸ ತನ್ನ ಗುರುತು ಹಾಕಿಯೇ ಕಳಿಸುತ್ತದೆ. ಗೋಡೆ ಎಷ್ಟು ದಪ್ಪವೆಂದರೆ ಖಿಡಕಿಯ ಒಳಗೇ ಚಕ್ಕಂಬಕ್ಕಳ ಹಾಕಿ ಕುಳಿತು ಚಹಾ ಕುಡಿಯಬಹುದು. ಅಲ್ಲಿಂದ ಕತ್ತು ಉದ್ದ ಮಾಡಿದರೆ ಮಲಪ್ರಭೆ ಒಂದು ಗೇಣಿನಷ್ಟು ಕಾಣುತ್ತದೆ. ನಾನು ಆ ಖಿಡಕಿಯಲ್ಲಿ ಕುಳಿತೆ, ಅಷ್ಟೇ. ಆಮೇಲೆ ಏಳಲು ಮನಸ್ಸಾಗಲಿಲ್ಲ.

ಬಾಪೂಸಾಹೇಬರು ಎರಡು ಕರಾರು ಹಾಕಿದರು. ಮೊದಲನೆಯದು, ಗೋಡೆಗೆ ಮೊಳೆ ಬಡಿಯಬಾರದು. ಎರಡನೆಯದನ್ನು ಹೇಳುವಾಗ ಅವರು ತಮ್ಮ ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡರು.

"ಹಂಗ ಅಲ್ರಿ ಅಕ್ಕೋರ, ತಪ್ಪ ತಿಳೀಬ್ಯಾಡ್ರಿ. ಒಬ್ಬಾಕಿ ಹೆಣಮಗಳು ಇರೂದಂದ್ರ ನಾಳೆ ಮಂದಿ ನನ್ನ ಕೇಳತಾರ. ನಿಮ್ಮ ಮನಿ ಹಿರ್ಯಾರು ಯಾರರ ಬಂದು ಒಂದ ಮಾತ ಹೇಳಿ ಹೋಗ್ಲಿ. ಅಲ್ಲೀತನಾ ತಾತ್ಪೂರ್ತಿಕ ಇರ್ರಿ."

ನನ್ನ ತಲೆಯಲ್ಲಿ ಕರಿಕೂದಲು ಹುಡುಕಿದರೆ ಸಿಕ್ಕೀತು. ಆದರೂ ನನಗೊಬ್ಬ ಹಿರಿಯ ಬೇಕು. ಅಣ್ಣನಿಗೆ ಫೋನು ಮಾಡಿದರೆ, "ಬಸವ ಜಯಂತಿ ದಿನ ಬರತೇನಿ. ನೋಡತೇನಿ. ಇರುವಂಗಿದ್ರ ಇರು. ಇಲ್ಲಾಂದ್ರ ಅವತ್ತಽ ಸಾಮಾನ ಹೇರಿಕೊಂಡ ಬರೂದು, ನಾ ಟಮಟಮ್ ಹೇಳೇ ಬರತೇನಿ" ಎಂದ. ನೋಡುವ ಮೊದಲೇ ಗಾಡಿ ಹೇಳಿದವನು ಏನು ತೀರ್ಮಾನ ಮಾಡುತ್ತಾನೆಂದು ತಿಳಿಯಲು ಪಂಚಾಂಗ ಬೇಕಿರಲಿಲ್ಲ.

ಆಗ ನನ್ನ ತಲೆಗೆ ಒಂದು ಕುಟಿಲ ಉಪಾಯ ಹೊಳೆಯಿತು. ಅಣ್ಣ ಬರುವುದರೊಳಗೆ ಮನೆಗೆ ಬಣ್ಣ ಬಳಿಸಿಬಿಡಬೇಕು. ನಾನು ಬೆಳ್ಳಗಿನ ಗೋಡೆಗಳ ನಡುವೆ ಟ್ರಂಕಿನ ಮೇಲೆ ಕುಳಿತಿದ್ದರೆ ಎತ್ತಿ ಟಮಟಮ್ಮಿಗೆ ಹಾಕುವುದು ಸುಲಭ. ಬಣ್ಣದ ಗೋಡೆಗಳ ನಡುವೆ ಗಟ್ಟಿಯಾಗಿ ಕುಳಿತವಳನ್ನು ಎಬ್ಬಿಸುವುದು ಕಷ್ಟ. ಸಾಲೆಗೆ ಬೇಸಿಗೆ ರಜೆ ಬೇರೆ.

ಬಣ್ಣದ ದಸ್ತಗೀರನನ್ನು ಕರೆಸಿದೆ. ಅಂಗಡಿ ಬೋರ್ಡು, ಟ್ರ್ಯಾಕ್ಟರಿನ ಟ್ರೇಲರು, ಲಗ್ನದ ಮನೆಗಳು ಅವನ ಕಸುಬು. ಮಾತು ಬಣ್ಣಕ್ಕಿಂತ ಹೆಚ್ಚು. ಆದರೆ ಅವತ್ತು ಎರಡೇ ಪ್ರಶ್ನೆ ಕೇಳಿದ.

"ಯಾವತ್ತಿನೊಳಗ ಮುಗೀಬೇಕ್ರಿ ಅಕ್ಕೋರ?"

"ಬಸವ ಜಯಂತಿ ಒಳಗ ಮುಗೀಲೇಬೇಕು. ಅವತ್ತ ಮಂದಿ ಬರತಾರ."

"ಯಾರ್ರಿ ಬರೂದು?"

"ನಮ್ಮಣ್ಣ, ವೈನಿ. ಬೈಲಹೊಂಗಲದಿಂದ."

ದಸ್ತಗೀರ ಬಹಳ ಗಂಭೀರವಾಗಿ ತಲೆಯಾಡಿಸಿದ. ಈಗ ನೀವೇ ಹೇಳಿ. ಬೇಸಿಗೆ. ಬಣ್ಣ. ಮುಹೂರ್ತ ಕೇಳದೆ ಸಾಲು ಸಾಲು ಲಗ್ನ ನಡೆಯುವ ಬಸವ ಜಯಂತಿಯ ದಿನ. ತವರಿನಿಂದ ಅಣ್ಣ, ವೈನಿ ಬರುವುದು. ಅವನು ಏನೆಂದುಕೊಳ್ಳಬೇಕು? ಆದರೆ ಆಗ ನನಗೆ ಅದು ಹೊಳೆಯಲೇ ಇಲ್ಲ. ನನ್ನ ತಲೆಯಲ್ಲಿ ತುಂಬಿದ್ದದ್ದು ನವಿಲಿನ ನೀಲಿ.

ಹೊರಗಿನ ಕೋಣೆಗೆ ನವಿಲು ನೀಲಿ, ಒಳಗಿನದಕ್ಕೆ ಅರಿಷಿಣದ ಹಳದಿ, ಅಡಿಗೆಯ ಮೂಲೆಗೆ ಗುಲಾಬಿ, ಬಾಗಿಲಿಗೆ ಗಿಳಿಹಸಿರು, ಬಾಗಿಲ ಸುತ್ತಲಿನ ಹೊರಗೋಡೆಗೂ ಅದೇ ಹಳದಿ. ಸುದ್ದಿ ಕೇಳಿ ಬಾಪೂಸಾಹೇಬರು ಅರ್ಧ ಊಟ ಬಿಟ್ಟು ಮೇಲೆ ಬಂದರು. "ಇದು ಕಾರಭಾರ್ಯಾರ ಕಚೇರಿ ಐತ್ರಿ! ನಮ್ಮ ವಾಡೇಕ ಬಿಳೀ ಸುಣ್ಣ ಬಿಟ್ಟು ಬ್ಯಾರೆ ಗೊತ್ತಽ ಇಲ್ಲ. ಇತಿಹಾಸ ಅಂಬೂದು ಒಂದ ಐತ್ಯೋ ಇಲ್ಲೋ?" ಎಂದು ಕೈ ಎತ್ತಿದರು. ದಸ್ತಗೀರ ಹಳೆಯ ಸುಣ್ಣ ಕೆರೆಯುತ್ತಿದ್ದ. ಸುಣ್ಣ ಹಪ್ಪಳದಂತೆ ಉದುರುತ್ತಿತ್ತು. ಬಿಳಿಯ ಕೆಳಗೆ ತಿಳಿಹಸಿರು ಬಂತು. ಹಸಿರಿನ ಕೆಳಗೆ ಮತ್ತೆ ಬಿಳಿ. ಅದರ ಕೆಳಗೆ, ಬಾಪೂಸಾಹೇಬರ ಎತ್ತಿದ ಕೈ ಇಳಿಯುವ ಮೊದಲೇ, ಕಣ್ಣಿಗೆ ಹೊಡೆಯುವಂಥ ಗುಲಾಬಿ ಬಂತು. ನಾನು ಆರಿಸಿದ್ದಕ್ಕಿಂತ ಒಂದು ಕೈ ಹೆಚ್ಚೇ. ಬಾಪೂಸಾಹೇಬರು ಬಹಳ ಹೊತ್ತು ಅದನ್ನು ನೋಡಿದರು. "ನಮ್ಮ ಮುತ್ತಜ್ಜಾರು ಜರಾ ಶೋಕಿ ಮನಶ್ಯಾ ಇದ್ರಂತ ಕೇಳಿದ್ದೆ" ಎಂದು ಹೇಳಿ ಉಳಿದ ಊಟಕ್ಕೆ ಹೋದರು.

ಆದರೆ ದೀಪದ ಗೂಡಿನ ಮೇಲಿನ ಮಸಿಯನ್ನು ಮುಟ್ಟಲು ಮಾತ್ರ ಬಿಡಲಿಲ್ಲ. ಕಾರಭಾರಿಗಳು ಅರ್ಜಿ ಓದಿದ ದೀಪದ ಮಸಿಯಂತೆ. ಸರಿ, ಅದನ್ನು ಹಾಗೇ ಬಿಟ್ಟು, ಸುತ್ತ ಹಳದಿ ಅಂಚು ಎಳೆಸಿದೆ. ಈಗ ಮನೆಗೆ ಬಂದವರು ಇದು ಯಾವ ದೇವರು ಎಂದು ಕೇಳಿ ಕೈಮುಗಿಯುತ್ತಾರೆ.

ಗೋಡೆಗೆ ಬಣ್ಣ ಬಳಿಸುವುದರಲ್ಲಿ ಒಂದು ಗಂಡಾಂತರವಿದೆ. ಡಬ್ಬಿಯಲ್ಲಿ ನೋಡಿದ ಬಣ್ಣ ಬೇರೆ, ಗೋಡೆಗೆ ಹತ್ತಿದ್ದು ಬೇರೆ. ನೀಲಿಯ ಮೊದಲ ಕೈ ಬಿದ್ದಾಗ ನನಗೆ ನಿಂತಲ್ಲೇ ಬೆವರು ಬಂತು. ನವಿಲು ಎಲ್ಲಿ, ಸೀಮೆಎಣ್ಣೆ ಡ್ರಮ್ಮೆಲ್ಲಿ? "ಹಸೀ ಇದ್ದಾಗ ಹಂಗ ಕಾಣತೈತ್ರಿ" ಎಂದ ದಸ್ತಗೀರ. ಒಣಗಿದ ಮೇಲೂ ಹಾಗೇ ಕಂಡಿತು. "ಪೂರಾ ಒಣಗಬೇಕ್ರಿ" ಎಂದ. ನಾನು ಸಿಟ್ಟಿಗೆದ್ದು ಬಿಳಿ ಬೆರೆಸಿ, ಸೆರಗು ಬಿಗಿದು, ಕುಂಚ ಕಸಿದುಕೊಂಡು ನಾನೇ ಬಳಿಯತೊಡಗಿದೆ. ಛತ್ತಿನ ತೊಲೆಯ ಕೆಳಗೆ ಕೈ ಚಾಚಿದಾಗ ಕನ್ನಡಕದ ಮೇಲೆ ಬಿತ್ತು ನೋಡಿ, ಈ ಹನಿ. ಆ ಬಣ್ಣ ಸರಿಯಾಗಿ ಕುಳಿತುಕೊಂಡಿತು. ಮೊಳೆ ಬಡಿಯಬಾರದಲ್ಲ, ಹಳೆಯ ಗೂಟಗಳಿಗೇ ಅವ್ವನ ಇಳಕಲ್ ಸೀರೆ ಕಟ್ಟಿ ಪರದೆ ಮಾಡಿದೆ. ಮಂಚದ ಮೇಲೆ ಅವ್ವ ಹೊಲಿದ ಕೌದಿ ಹಾಸಿದೆ. ಹಾಸಿ, ಹೊಸ್ತಿಲಲ್ಲಿ ನಿಂತು ನೋಡಿದೆ. ಅಷ್ಟು ಬಣ್ಣ ಒಟ್ಟಿಗೆ ನನ್ನದಾಗಿ ಎಂದೂ ಇರಲಿಲ್ಲ. ಸಂತೋಷಕ್ಕೆ ನಗು ಬಂತು, ಒಬ್ಬಳೇ ಇದ್ದುದರಿಂದ ಜೋರಾಗಿಯೇ ನಕ್ಕೆ.

ಈ ನಡುವೆ ಓಣಿಯವರ ಪ್ರೀತಿ ಉಕ್ಕತೊಡಗಿತ್ತು. ಒಂದು ಮುಂಜಾನೆ ಕೆಳಗಿನ ಕಾಶವ್ವ ನಾಲ್ಕಾರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಮಾಳಿಗೆ ಹತ್ತಿ ಬಂದು ಶಾವಿಗೆ ಹೊಸೆದಳು, ಸಂಡಿಗೆ ಇಟ್ಟಳು. "ನಿಮ್ಮ ಸಲುವಾಗೇ ಅಕ್ಕೋರ, ನೀವ ಒಬ್ಬಾಕಿ ಎಷ್ಟ ಮಾಡತೀರಿ?" ಎಂದಳು. ನಾನು ಒಬ್ಬಳೇ ಎಷ್ಟು ಸಂಡಿಗೆ ತಿನ್ನಬಲ್ಲೆ ಎಂಬ ಅನುಮಾನ ಬಂದರೂ ಕಣ್ಣು ತುಂಬಿ ಬಂತು. ಮರುದಿನ ಬಳೆಗಾರ ತಾನಾಗಿ ಬಂದು, ಹಸಿರು ಬಳೆ ಹರಡಿ, "ಕೈ ತೋರಸ್ರಿ" ಎಂದ. ಬಾಗಿಲಿನ ಬಣ್ಣಕ್ಕೆ ಒಪ್ಪುತ್ತದೆಂದು ಇಟ್ಟುಕೊಂಡೆ. ಬಾಪೂಸಾಹೇಬರು ಅಟ್ಟದಿಂದ ಎರಡು ಹಿತ್ತಾಳೆ ಹೂವಿನ ಮಣೆ, ಒಂದು ತಾಮ್ರದ ಹಂಡೆ ಇಳಿಸಿ ಕಳಿಸಿದರು. ಕೋಣೆಗೆ ಶೋಭೆ ಇರಲೆಂದು ಕಳಿಸಿದ್ದಾರೆ ಎಂದುಕೊಂಡು ನಾನು ಮಣೆಗಳನ್ನು ಖಿಡಕಿಯಲ್ಲಿಟ್ಟು ಮೇಲೆ ಹೂಕುಂಡ ಇಟ್ಟೆ. ಸವದತ್ತಿಯವರಾದ ನಮ್ಮ ಸಾಲೆಯ ಮಾಸ್ತರರೊಬ್ಬರು ನಾನು ಹೇಳಿದ್ದ ದಿಂಬಿನ ಬಟ್ಟೆ ತಂದುಕೊಟ್ಟು ಚಹಾ ಕುಡಿದು ಹೋದಾಗ, ಅವರು ಮೆಟ್ಟಿಲಿಳಿಯುವವರೆಗೆ ಇಡೀ ಓಣಿ ಬಾಗಿಲಲ್ಲಿ ನಿಂತು ನೋಡಿತು. ಎತ್ತರ ಸಾಕು, ಕೂದಲು ಕಡಿಮೆ ಎಂದು ಕಾಶವ್ವ ತೀರ್ಪು ಕೊಟ್ಟಿದ್ದು ನನಗೆ ಆಮೇಲೆ ತಿಳಿಯಿತು.

ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಹೂಸಿದವರು ಯಾರು ಎಂಬುದನ್ನೂ ಕೇಳಿ ತಿಳಿಯುವ ಓಣಿ ಅದು. ನನ್ನ ವಿಷಯಕ್ಕೆ ಮಾತ್ರ ಮರ್ಯಾದೆ ಮಾಡಿತು. ಈ ವಯಸ್ಸಿನಲ್ಲಿ ಅಕ್ಕೋರು ನಾಚಿಕೊಂಡಾರು ಎಂದು ಒಂದು ಕಾರಣ, ಅಕ್ಕೋರು ಬೈದಾರು ಎಂದು ಇನ್ನೊಂದು. ನಾನಂತೂ ಉಬ್ಬಿಹೋಗಿ ವೈನಿಗೆ ಫೋನು ಮಾಡಿ, "ಏನ ಛಲೋ ಮಂದಿ ಅಂತೀರಿ ವೈನಿ! ಶಾವಿಗಿ ಹೊಸದ ಕೊಟ್ರು, ಸಂಡಿಗಿ ಇಟ್ಟ ಕೊಟ್ರು, ಬಳಿ ಇಡಿಸಿದ್ರು!" ಎಂದೆ. ವೈನಿ "ಹೌದಾ?" ಎಂದು ಬಹಳ ಹೊತ್ತು ಸುಮ್ಮನಾದಳು. ನೆಟ್‌ವರ್ಕು ಹೋಯಿತೆಂದು ನಾನು ಫೋನು ಇಟ್ಟೆ.

ಬಸವ ಜಯಂತಿಯ ಹಿಂದಿನ ದಿನ ಸಂಜೆ ನೋಡುತ್ತೇನೆ, ಹಸಿರು ಬಾಗಿಲ ಮೇಲೆ, ಹೊರಗೋಡೆಯಲ್ಲಿ, ಒಂದು ಬಿಳಿ ಚೌಕ ಹಾಗೇ ಉಳಿದಿದೆ.

"ದಸ್ತಗೀರಾ, ಇದನ್ಯಾಕ ಬಿಟ್ಟಿ?"

"ಇರ್ಲಿ ಬಿಡ್ರಿ ಅಕ್ಕೋರ. ನಾಳೆ ಮುಂಜೇಲಿ ಬಂದು ತುಂಬತೇನಿ" ಎಂದು ನಾಚಿ ಹೋದ. ಬಣ್ಣ ಸಾಲದೆ ನಾಚಿದ್ದಾನೆ ಎಂದುಕೊಂಡೆ.

ಮರುದಿನ ಎಲ್ಲರಿಗಿಂತ ಮೊದಲು ಬಂದವಳು ಚಚಡಿಯ ಸೋದರತ್ತೆ, ನಮ್ಮ ಅಪ್ಪನ ತಂಗಿ. ಕೋಲು ಊರಿಕೊಂಡು ಆ ಮೆಟ್ಟಿಲನ್ನು ಹೇಗೆ ಹತ್ತಿದಳೋ ದೇವರೇ ಬಲ್ಲ. ಬಗಲಲ್ಲಿ ಬಟ್ಟೆಯ ಗಂಟು. ನನ್ನನ್ನು ಅಪ್ಪಿಕೊಂಡು ಎರಡೂ ಗಲ್ಲ ಸವರಿ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಕೋಣೆಯ ಸುತ್ತ ನೋಡಿ, "ಅಂವ ಎಲ್ಲಿ?" ಎಂದಳು.

"ಯಾಂವ ಅತ್ತಿ?"

"ನಿನ್ನ ಗಂಡ ಆಗಾಂವಾ! ನಾಚತಾಳ ನೋಡ. ಬಸ್ಸಿನ ಕಂಡಕ್ಟರಗ ಗೊತ್ತೈತಿ, ನನ್ನ ಮುಂದ ನಾಚತಾಳ!"

ಆಗ ನನ್ನ ಕಣ್ಣು ಒಂದೊಂದಾಗಿ ಎಲ್ಲದರ ಮೇಲೂ ಹರಿಯಿತು. ಸಂಡಿಗೆಯ ಡಬ್ಬಿ. ಕೈತುಂಬ ಹಸಿರು ಬಳೆ. ಹೂವಿನ ಮಣೆ. ಹಂಡೆ. ಖಿಡಕಿಯಿಂದ ಇಣುಕಿದರೆ ಅಂಗಳದಲ್ಲಿ ಇಡೀ ಓಣಿ ಮಡಿ ಸೀರೆ ಉಟ್ಟು ನಿಂತಿದೆ. ದಸ್ತಗೀರ ಮೆಟ್ಟಿಲ ತುದಿಯ ಕಟ್ಟೆಗೆ ನಿಚ್ಚಣಿಕೆ ಹಚ್ಚಿ, ಕೆಂಪು ಬಣ್ಣ ಕಲಸಿಕೊಂಡು, ಚೌಕದ ಮುಂದೆ ಕಾಯುತ್ತಿದ್ದಾನೆ. ಅಯ್ಯೋ ಶಿವನೇ ಎಂದೆ. ಅಷ್ಟರಲ್ಲಿ ಟಮಟಮ್ ಬಂದು ನಿಂತಿತು.

ಅಣ್ಣ ಇಳಿದ. ಮುಖ ಕೆಂಪಗೆ. ತಲೆಯ ಮೇಲೆ ಮಾತ್ರ ಜರಿಯ ರುಮಾಲು, ಅದೂ ತನ್ನ ಲಗ್ನದ್ದು. ಹಿಂದೆ ಜರತಾರಿ ಸೀರೆಯಲ್ಲಿ ವೈನಿ. ಸಿಟ್ಟು ಮಾಡಲು ಬಂದವನು ಅಕ್ಷತೆ ಹಾಕಲೂ ತಯಾರಾಗಿ ಬಂದಿದ್ದ. ಅಂಗಳದಿಂದಲೇ ಗರ್ಜಿಸಿದ.

"ಶಕ್ಕೂ! ನಾ ಸತ್ತೇನಿ ಏನಽ? ನನಗ ಹೇಳಲಾರದ ಲಗ್ನಾ ಮಾಡ್ಕೋತಿ?"

ನಾನು ಮೆಟ್ಟಿಲ ತುದಿಗೆ ಬಂದು ನಿಂತು, "ಲಗ್ನಾ ಇಲ್ಲಣ್ಣಾ. ಯಾರದೂ ಇಲ್ಲ" ಎಂದೆ.

ಕಾಶವ್ವ ಮೊದಲು ಸಾವರಿಸಿಕೊಂಡು, "ಮತ್ತ ನಮ್ಮ ಸಂಡಿಗಿ?" ಎಂದಳು. ನಿಚ್ಚಣಿಕೆಯ ಮೇಲಿನ ದಸ್ತಗೀರನಿಗಂತೂ ಮೋಸವಾದಂತೆ ಆಗಿತ್ತು. "ಮತ್ತ ಬಣ್ಣಾ ಯಾಕ ಬಳಿಸಿದ್ರಿ ಅಕ್ಕೋರ?" ಎಂದು ಕೇಳಿದ. ಎಲ್ಲರೂ ನನ್ನ ಕಡೆ ನೋಡಿದರು. ಎಲ್ಲರ ಮುಖದಲ್ಲೂ ಅದೇ ಪ್ರಶ್ನೆ. ಅಣ್ಣನ ಮುಖದಲ್ಲೂ.

ನನಗೆ ಸಿಟ್ಟು ಬಂತು.

"ಯಾಕ ಅಂದ್ರ? ನನಗ ಬೇಕಾಗಿತ್ತು, ಅದಕ್ಕ! ಹೆಣಮಗಳ ಗ್ವಾಡಿಗೆ ಬಣ್ಣಾ ಬರಬೇಕಂದ್ರ ಮದಲ ಗಂಡಾನಽ ಬರಬೇಕೇನು? ಸಣ್ಣಾಕಿದ್ದಾಗಿಂದ ಒಂದ ಗಿಳಿ ಬೇಕಂತ ಕೇಳೇನಿ. ಲಗ್ನದಾಗ, ಲಗ್ನದಾಗ ಅಂದ್ರಿ. ಲಗ್ನಾ ಆಗಲಿಲ್ಲ. ಆಗಲಿಲ್ಲಂದ್ರ ನಾ ಸಾಯೂತನಾ ಬಿಸ್ಕೀಟಿನಾಗ ಕುಂಡ್ರಲೇನು?"

ಹಿಂದಿ ವ್ಯಾಕರಣಕ್ಕೂ ಒಡೆಯದ ನನ್ನ ಗಂಟಲು ಅಲ್ಲಿಗೆ ಒಡೆಯಿತು. ಓಣಿಯ ಮುಂದೆ ಅತ್ತುಬಿಟ್ಟೆ. ಬಹಳ ನಾಚಿಕೆಯಾಯಿತು, ಆದರೂ ಅಳು ನಿಲ್ಲಲಿಲ್ಲ.

ಅಣ್ಣ ಮೇಲೆ ಬಂದ. ಬಾಗಿಲಿಗೆ ತಲೆ ಬಗ್ಗಿಸಲಿಲ್ಲ, ಚೌಕಟ್ಟು ಠಪ್ಪೆಂದಿತು. ರುಮಾಲು ಇದ್ದದ್ದಕ್ಕೆ ಬದುಕಿದ. ನೀಲಿ ಕೋಣೆ ನೋಡಿದ, ಹಳದಿ ನೋಡಿದ, ಗುಲಾಬಿಯ ಮುಂದೆ ಕಣ್ಣು ಕಿರಿದು ಮಾಡಿದ. ವೈನಿ ಹಳದಿ ಗೋಡೆಗೆ ಕೈಯಿಟ್ಟು, "ಛಂದ ಐತ್ರೀ" ಎಂದಳು. "ನೀ ಸುಮ್ಮಕಿರು" ಎಂದು, ಹೂಕುಂಡ ಸರಿಸಿ ಖಿಡಕಿಯಲ್ಲಿ ಕುಳಿತ. ಅವ್ವನ ಸೀರೆಯ ಪರದೆ ಅವನ ಹೆಗಲಿಗೆ ತಾಗುತ್ತಿತ್ತು. ಅದರ ಅಂಚನ್ನು ಬೆರಳಲ್ಲಿ ಹಿಡಿದು ನೋಡಿದ, ಯಾರದೆಂದು ಕೇಳಲಿಲ್ಲ.

"ಅಲ್ಲಿ ಗೂಡಿನ ಮ್ಯಾಲ ಕರ್ರಗ ಏನದು?"

"ಇತಿಹಾಸ."

"ಹೂಂ." ಸೀರೆಯ ಅಂಚು ಬಿಟ್ಟು ಕೇಳಿದ, "ನಮ್ಮನ್ಯಾಗ ನಿನಗ ಏನ ಕಮ್ಮಿ ಆಗಿತ್ತ?"

"ಏನೂ ಕಮ್ಮಿ ಆಗಿದ್ದಿಲ್ಲಣ್ಣಾ. ಆದ್ರ ಅದು ನಿಮ್ಮನಿ. ಇದು ನನ್ನ ಮನಿ."

"ಬಾಡಿಗಿ ಮನಿ ನಿಂದ ಹ್ಯಾಂಗ ಆತು?"

"ಗ್ವಾಡಿ ಅವರದು. ಬಣ್ಣಾ ನಂದು."

ಕೆಳಗೆ ಟಮಟಮ್ಮಿನವನು ಸಾಮಾನು ಹೇರುವುದು ಯಾವಾಗ ಎಂದು ಹಾರ್ನು ಒತ್ತಿದ.

ಅಷ್ಟರಲ್ಲಿ ಅತ್ತೆ ತನ್ನ ಉಡುಗೊರೆಯ ಗಂಟು ಬಿಚ್ಚಿದಳು. "ಲಗ್ನಾ ಇರಲಿ, ಬಿಡಲಿ, ತಂದ ಆಯೇರಿ ಹೊಳ್ಳಿ ಒಯ್ಯೂ ಪದ್ಧತಿ ನಮ್ಮ ಮನಿತನದಾಗಿಲ್ಲ" ಎಂದು, ನನ್ನನ್ನು ಹಿಡಿದು ಹೂವಿನ ಮಣೆಯ ಮೇಲೆ ಕೂರಿಸಿ, ಕುಂಕುಮ ಹಚ್ಚಿ ಸೀರೆ ಉಡಿಗೆ ಹಾಕಿದಳು. ಕಾಶವ್ವನ ಮಂದಿಗೆ ಅಷ್ಟೇ ಬೇಕಿತ್ತು. ಮೇಲೆ ನುಗ್ಗಿ ಬಂದು ಸೋಬಾನ ಶುರುಮಾಡಿದರು. ಉಳಿದದ್ದು ಗಂಡಿನ ಆಯೇರಿ, ಒಂದು ದೋತರ, ಒಂದು ಟಾವೆಲು. ಅತ್ತೆ ಅದನ್ನು ಹಿಡಿದು ಸುತ್ತ ನೋಡಿದಳು. ಬಾಗಿಲಲ್ಲಿ ನಿಂತಿದ್ದ ಬಾಪೂಸಾಹೇಬರು ಗಾಬರಿಯಾಗಿ ಎರಡು ಮೆಟ್ಟಿಲು ಕೆಳಗಿಳಿದರು. ನಿಚ್ಚಣಿಕೆಯ ಮೇಲಿದ್ದ ದಸ್ತಗೀರನಿಗೆ ಇಳಿಯಲು ದಾರಿ ಇರಲಿಲ್ಲ. "ನೀನಽ ತಗೋ ಮಗನ, ಕೆಲಸಾ ಮಾಡಿದಾಂವ ನೀ" ಎಂದು ಹೊಸ್ತಿಲಿಗೆ ಬಂದು, ಕೋಲಿನ ತುದಿಯಿಂದ ಎತ್ತಿ ಅವನ ಹೆಗಲಿಗೇ ಹಾಕಿದಳು.

ಅಣ್ಣ ಎದ್ದು ಹೊರಗೆ ಬಂದ. ಈ ಸಲ ತಲೆ ಬಗ್ಗಿಸಿದ. ಬಾಪೂಸಾಹೇಬರ ಎದುರು ನಿಂತು ರುಮಾಲು ಸರಿಮಾಡಿಕೊಂಡು ಹೇಳಿದ. ಹೆಣ್ಣು ಒಪ್ಪಿಸಿಕೊಡುವಾಗ ನಮ್ಮ ಹಿರಿಯರು ಬೀಗರಿಗೆ ಹೇಳುತ್ತಾರಲ್ಲ, ಅದೇ ದನಿಯಲ್ಲಿ.

"ಸಾಹೇಬ್ರ, ನಮ್ಮ ಹುಡಿಗಿ ಇನ್ನ ಇಲ್ಲೇ ಇರತಾಳ. ಸಿಟ್ಟ ಸ್ವಲ್ಪ ಮುಂದ, ಮನಸ ಛಲೋ ಐತಿ. ಸಂಬಾಳಿಸ್ಕೊಂಡ ಹೋಗ್ರಿ."

ಬಾಪೂಸಾಹೇಬರು ಟೊಪ್ಪಿಗೆ ತೆಗೆದು ಕೈಮುಗಿದರು. ನನಗೆ ಮತ್ತೆ ಅಳು ಬಂತು, ಈ ಸಲ ನಾಚಿಕೆಯಾಗಲಿಲ್ಲ.

"ಏ ಪೇಂಟರ, ಖಾಲಿ ಯಾಕ ಕುಂತಿ? ಹೆಸರ ಬರಿ" ಎಂದ ಅಣ್ಣ.

"ಒಂದಽ ಹೆಸರೇನ್ರಿ ಸಾಹೇಬ್ರ?"

"ಒಂದಽ. ಶಕುಂತಲಾ ಅಂತ ಬರಿ. ದೊಡ್ಡದಾಗಿ ಬರಿ. ಆಜೂಬಾಜೂ ಗಿಳಿ ಚಿತ್ರಾ ತಗಿ."

"ಎರಡ್ರಿ?"

"ನಾಕು. ಅಪ್ಪ ಎರಡ ಅಂದಿದ್ದ, ನಾ ನಾಕ ಅಂದಿದ್ದೆ."

ನಾನು ಅಣ್ಣನ ಕಡೆ ನೋಡಿದೆ. ಅವನು ಟಮಟಮ್ಮಿನವನನ್ನು ಬೈಯುವ ನೆವ ಮಾಡಿ ಆ ಕಡೆ ಮುಖ ತಿರುಗಿಸಿದ.

ಸಂಜೆ ಟಮಟಮ್ ಬೈಲಹೊಂಗಲಕ್ಕೆ ಹೋಯಿತು. ನನ್ನ ಸಾಮಾನಿನ ಬದಲು ಅರ್ಧ ಡಬ್ಬಿ ಸಂಡಿಗೆ ಹೋಯಿತು. ವೈನಿ ಹಳದಿ ಬಣ್ಣದ ಡಬ್ಬಿಯ ಹೆಸರನ್ನು ಗುಟ್ಟಾಗಿ ಬಾಯಿಪಾಠ ಮಾಡಿಕೊಂಡು ಹೋದಳು. ದಸ್ತಗೀರನದು ಮೂಲತಃ ಆನೆ ತೆಗೆಯುವ ಕೈ, ಹಾಗಾಗಿ ಗಿಳಿಗಳಿಗೂ ಚೂರು ಆನೆಯ ಮೈಕಟ್ಟು ಬಂದಿದೆ. ಕೊಕ್ಕು ಮಾತ್ರ ಕೆಂಪಗಿದೆ. ನಾಲ್ಕೂ ಒಂದೊಂದು ಕಣ್ಣಿನಿಂದ ನನ್ನನ್ನೇ ನೋಡುತ್ತವೆ.

ಹೋದ ವಾರ ಹೊಸ ಕೊರಿಯರಿನವನು ಪಾರ್ಸೆಲ್ಲು ತಂದಿದ್ದ. ಸಹಿ ಹಾಕಿಸಿಕೊಂಡು ಹೋಗುವವನು ಬಾಗಿಲ ಮೇಲೆ ನೋಡಿ ನಿಂತ. ಗಿಳಿ ನೋಡಿದ, ಹೆಸರು ಓದಿದ, ಅದರ ಪಕ್ಕದಲ್ಲಿ, ಕೆಳಗೆ, ಇನ್ನೇನನ್ನೋ ಹುಡುಕಿದ. ಒಳ್ಳೆಯ ಹುಡುಗ, ಕೇಳದೆ ಹೋಗಲು ಅವನಿಗೆ ಮನಸ್ಸಾಗಲಿಲ್ಲ.

"ಇನ್ನೊಂದ ಹೆಸರ ಮಳ್ಯಾಗ ಅಳಿಸಿ ಹೋತೇನ್ರಿ ಅಕ್ಕೋರ?"

"ಇಲ್ಲಪಾ" ಎಂದೆ. "ಅಷ್ಟಽ ಬರೂದಿತ್ತು. ಪೂರಾ ಬರದಾರ."